ಎಂಜಿಬಿ ಕಾರಿನ ಎಕ್ಸಾಸ್ಟ್ ಬದಲಿಸುವುದು: ಮ್ಯಾನಿಫೋಲ್ಡ್‌ನಿಂದ ಹಿಂದಿನ ತುದಿಯವರೆಗೆ

ಎಂಜಿ ಅಂದ ಕೂಡಲೇ ಇವತ್ತು ಬೆಂಗಳೂರಿನವರಿಗೆ ಹೆಕ್ಟರ್ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಬೇರೆ ಎಂಜಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್‌ಡನ್ ಫ್ಯಾಕ್ಟರಿಯಲ್ಲಿ ತಯಾರಾದ, ನೆಲಕ್ಕೆ ಅಂಟಿಕೊಂಡಂತೆ ಓಡುವ ಎಂಜಿಬಿ. 5 ಲಕ್ಷಕ್ಕೂ ಹೆಚ್ಚು ಕಾರು ಬಂದಿದ್ದರಿಂದ ಇದರ ಬಿಡಿಭಾಗಗಳು ಇವತ್ತಿಗೂ ಧಾರಾಳವಾಗಿ ಸಿಗುತ್ತವೆ. ಬ್ರಿಟನ್, ಅಮೆರಿಕದಲ್ಲಿ ಮೊದಲ ಸಲ ಹಳೇ ಸ್ಪೋರ್ಟ್ಸ್ ಕಾರು ಕೊಳ್ಳುವವರು ಇದನ್ನೇ ಹುಡುಕುವುದು ಅದಕ್ಕೇ. ಅಲ್ಲಿರುವ ನಮ್ಮವರೂ ಅಷ್ಟೇ. ಕೊಂಡ ಸ್ವಲ್ಪ ದಿನಕ್ಕೇ ಸೈಲೆನ್ಸರ್‌ನಲ್ಲಿ ತೂತು ಕಾಣುತ್ತದೆ. ಹೇಗೂ ಬದಲಿಸಬೇಕು, ಒಳ್ಳೇದನ್ನೇ ಹಾಕೋಣ ಅನ್ನುವ ಯೋಚನೆ ಅಲ್ಲಿಂದ ಶುರು.

ಇಲ್ಲಿ ಹೇಳುವುದೆಲ್ಲ ನಾಲ್ಕು ಸಿಲಿಂಡರಿನ 1798 ಸಿಸಿ ಎಂಜಿನ್ ಇರುವ ಕಾರಿಗೆ ಮಾತ್ರ. ಆರು ಸಿಲಿಂಡರಿನ ಎಂಜಿಸಿ, ವಿ8 ಎಂಜಿನ್ನಿನ ಜಿಟಿ (ಗಟ್ಟಿ ಛಾವಣಿಯ ಎಂಜಿಬಿ) ಎರಡರ ಲೆಕ್ಕವೂ ಬೇರೆ.

ಪವರ್‌ಗಾಗಿ ದುಡ್ಡು ಹಾಕಬೇಡಿ

ಶುರುವಿನ ಕಾರುಗಳಿಗೆ ಕಂಪನಿ ಹೇಳಿದ್ದು 95 ಅಶ್ವಶಕ್ತಿ. ಎಂಜಿನ್ನಿನ ಒಳಗೆ ಏನೂ ಮುಟ್ಟದೆ ಬರೀ ಎಕ್ಸಾಸ್ಟ್ ಬದಲಿಸಿದರೆ, ಸೀಟಿನಲ್ಲಿ ಕೂತವರಿಗೆ ಗೊತ್ತಾಗುವಷ್ಟು ಪಿಕಪ್ ಹೆಚ್ಚುವುದಿಲ್ಲ. ಸದ್ದು ಜಾಸ್ತಿಯಾದಾಗ ಕಾರು ಜೋರಾಗಿ ಹೋದಂತೆ ಅನ್ನಿಸುತ್ತದೆ, ಅಷ್ಟೇ. ನಿಜವಾಗಿ ಸಿಗುವುದು ಮೂರು: ಒಳ್ಳೇ ದನಿ, ಬಹಳ ವರ್ಷ ತುಕ್ಕು ಹಿಡಿಯದ ಪೈಪು, ಸೋರಿಕೆ ಇಲ್ಲದ ಜಾಯಿಂಟು. ಈ ಮೂರೂ ಮಾಡುವ ಕೆಲಸದ ಮೇಲೆ ನಿಂತಿವೆ, ತರುವ ಸಾಮಾನಿನ ಬೆಲೆಯ ಮೇಲಲ್ಲ.

ಈ ಎಂಜಿನ್ನಿನ ರಚನೆ ಸ್ವಲ್ಪ ವಿಚಿತ್ರ. ಸೀಟಿನಲ್ಲಿ ಕೂತು ಮುಂದೆ ನೋಡಿದರೆ ಎಡಗಡೆಗೇ ಕಾರ್ಬ್ಯುರೇಟರ್, ಎಡಗಡೆಗೇ ಎಕ್ಸಾಸ್ಟ್. ಎರಡೂ ಒಂದೇ ಮಗ್ಗುಲು. ಸಿಲಿಂಡರ್ ನಾಲ್ಕಿದ್ದರೂ ಹೊಗೆ ಹೊರಬರುವ ದಾರಿ ಮೂರೇ. 1ಕ್ಕೆ ಒಂದು, 4ಕ್ಕೆ ಒಂದು, ನಡುವಿನ 2 ಮತ್ತು 3ಕ್ಕೆ ಸೇರಿ ಒಂದು. ಫೈರಿಂಗ್ ಆರ್ಡರ್ 1-3-4-2. ಲೆಕ್ಕ ಹಾಕಿ ನೋಡಿ: 3ನೆಯದು ಉರಿದ ಮೇಲೆ ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ತಿರುಗಿದರೆ 2ನೆಯದು ಉರಿಯುತ್ತದೆ. 1 ಮತ್ತು 4ರ ನಡುವೆಯೂ ಅಷ್ಟೇ ಅಂತರ. ಹೀಗಾಗಿ ನಡುವಿನ ದಾರಿಯಲ್ಲಿ ಬರುವ ಎರಡು ಹೊಡೆತಗಳು ಒಂದಕ್ಕೊಂದು ಅಡ್ಡ ಬರುವುದಿಲ್ಲ. 1 ಮತ್ತು 4ರ ಪೈಪನ್ನು ಮೇಲೇ ಸೇರಿಸಿ, ನಡುವಿನದನ್ನು ಉದ್ದಕ್ಕೆ ಬಿಟ್ಟು ಕೆಳಗೆ ಸೇರಿಸುವ ಹೆಡರ್ (ಎಂಜಿನ್ನಿನ ಹೊಗೆ ಒಟ್ಟುಗೂಡಿಸುವ ಬೀಡಿನ ಮ್ಯಾನಿಫೋಲ್ಡ್ ಬದಲು ಹಾಕುವ ಪೈಪುಗಳ ಜೋಡಣೆ) ಬಂದದ್ದು ಈ ಲೆಕ್ಕದ ಮೇಲೆ. ಅಂಗಡಿಯವರು ಅದನ್ನು ಎಲ್‌ಸಿಬಿ ಅನ್ನುತ್ತಾರೆ, ಅಂದರೆ ಲಾಂಗ್ ಸೆಂಟರ್ ಬ್ರಾಂಚ್.

ಹಾಗಾದರೆ ಹೆಡರ್ ಹಾಕಬೇಕಾ? ಕ್ಯಾಮ್, ಹೆಡ್ ಎರಡೂ ಕಂಪನಿಯಿಂದ ಬಂದಂತೆಯೇ ಇದ್ದರೆ ಬೇಡ ಅನ್ನುತ್ತೇನೆ. ಎಸ್‌ಯು ಕಂಪನಿಯ ಅವಳಿ ಕಾರ್ಬ್ಯುರೇಟರ್ ಇರುವ ಕಾರಿನ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಆ ಕಾಲಕ್ಕೆ ಬಹಳ ಚೆನ್ನಾಗಿ ಮಾಡಿದ ಸಾಮಾನು. ಕೆಳಗೆ ಎರಡು ಬಾಯಿ, ಅಲ್ಲಿಂದ ಇಳಿಯುವ ಎರಡು ಡೌನ್ ಪೈಪು. ಬೀಡು ದಪ್ಪ ಇರುವುದರಿಂದ ಸದ್ದು ಹೊರಗೆ ಬಿಡುವುದಿಲ್ಲ. ಹೆಡರ್‌ನಷ್ಟು ಬಿಸಿಯನ್ನು ಬಾನೆಟ್ ಒಳಗೆ ಚೆಲ್ಲುವುದಿಲ್ಲ, ಸುಲಭಕ್ಕೆ ಸೊಟ್ಟಗಾಗುವುದೂ ಇಲ್ಲ. ಡೌನ್ ಪೈಪಿನಿಂದ ಹಿಂದಕ್ಕೆ ಮಾತ್ರ ಬದಲಿಸಿ. ಹೆಡರ್ ಬೇಕೇ ಬೇಕು ಅನ್ನುವವರಿಗೂ ಮುಂದೆ ಒಂದು ಭಾಗ ಇಟ್ಟಿದ್ದೇನೆ.

ಏನು ಕೊಳ್ಳಬೇಕು

ಒಂದೂಮುಕ್ಕಾಲು ಇಂಚಿನ ಪೈಪು ಈ ಎಂಜಿನ್ನಿಗೆ ಸಾಕು. 2 ಇಂಚು ಹಾಕಿದರೆ ಹಾದಿ ಸುಮಾರು 30% ಅಗಲವಾಗುತ್ತದೆ. ಟ್ಯೂನ್ ಮಾಡಿದ ಎಂಜಿನ್ನಿಗೂ ಅಷ್ಟು ಬೇಕಾದಷ್ಟಾಯಿತು. ಅದಕ್ಕಿಂತ ದಪ್ಪ ಬೇಡ. ಪೈಪು ದಪ್ಪವಾದಷ್ಟೂ ಹೊಗೆಯ ವೇಗ ಕಡಿಮೆ. ಹಿಂದಿನ ಹೊಡೆತ ಮುಂದಿನದನ್ನು ಎಳೆದುಕೊಂಡು ಹೋಗುವ ಗುಣವೂ ಆಗ ಕಡಿಮೆಯಾಗುತ್ತದೆ. ಇನ್ನೊಂದು, ಕಾರೇ ನೆಲಕ್ಕೆ ಹತ್ತಿರ. ದಪ್ಪ ಪೈಪು, ದೊಡ್ಡ ಸೈಲೆನ್ಸರ್ ಹಾಕಿದರೆ ಪ್ರತಿ ಹಂಪ್‌ನಲ್ಲೂ ಕರ್ರ್ ಅಂತ ಉಜ್ಜುತ್ತದೆ. 1974ರ ಕೊನೆಗೆ ಬಂದ ರಬ್ಬರ್ ಬಂಪರ್ ಕಾರುಗಳು ಸ್ವಲ್ಪ ಎತ್ತರ ಇವೆ, ಅವಕ್ಕೆ ಈ ತೊಂದರೆ ಕಡಿಮೆ.

ಮಾಮೂಲಿ ಉಕ್ಕಿನ ಪೈಪು ಅಗ್ಗ, ದನಿಯೂ ಮೆತ್ತಗೆ. ಆದರೆ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ ನಿಲ್ಲಿಸುವ ಕಾರಿನಲ್ಲಿ ಒಳಗಿನ ನೀರು ಆರುವುದೇ ಇಲ್ಲ. ಹಳೇ ಕಾರಿನ ಸೈಲೆನ್ಸರ್ ಹಾಳಾಗುವುದು ಜಾಸ್ತಿ ಓಡಿ ಅಲ್ಲ, ನಿಂತು. ಅದಕ್ಕೇ ಸ್ಟೇನ್‌ಲೆಸ್ ಒಳ್ಳೆಯದು. ಅದರಲ್ಲೂ ಎರಡು ಜಾತಿ. 409 ದರ್ಜೆಗೆ ಅಯಸ್ಕಾಂತ ಅಂಟುತ್ತದೆ, ಮೇಲ್ಮೈಯಲ್ಲಿ ಕಂದು ಬಣ್ಣ ಬರುತ್ತದೆ. 304 ದರ್ಜೆ ಹೆಚ್ಚುಕಡಿಮೆ ಹೊಳಪು ಉಳಿಸಿಕೊಳ್ಳುತ್ತದೆ. ಬರೀ ಸ್ಟೇನ್‌ಲೆಸ್ ಅಂತ ಬರೆದಿದ್ದರೆ ಯಾವ ದರ್ಜೆ ಅಂತ ಕೇಳಿ.

ಮೂಲ ವ್ಯವಸ್ಥೆಯಲ್ಲಿ ಸೈಲೆನ್ಸರ್ ಎರಡು, ನಡುವೆ ಒಂದು, ಹಿಂದೆ ಒಂದು. ನಡುವಿನದನ್ನು ತೆಗೆದು ನೇರ ಪೈಪು ಹಾಕಿ ಅಂತ ಯಾರಾದರೂ ಹೇಳಿದರೆ ಒಮ್ಮೆ ಯೋಚಿಸಿ. ಓವರ್‌ಡ್ರೈವ್ (ಎಂಜಿನ್ನಿನ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು) ಇರುವ ಕಾರು ಗಂಟೆಗೆ 70 ಮೈಲಿ ಹೋಗುವಾಗ ಎಂಜಿನ್ ನಿಮಿಷಕ್ಕೆ 3,100–3,200 ಸುತ್ತಿನ ಹತ್ತಿರ ತಿರುಗುತ್ತಿರುತ್ತದೆ. ಓವರ್‌ಡ್ರೈವ್ ಇಲ್ಲದಿದ್ದರೆ 3,900. ಹೈವೇಯಲ್ಲಿ ಗಂಟೆಗಟ್ಟಲೆ ಅದೇ ಸುತ್ತಿನಲ್ಲಿ ಗುಂಯ್ ಅನ್ನುವ ದನಿ ತಲೆಯೊಳಗೆ ಕೂರುತ್ತದೆ. ಮೇಲ್ಛಾವಣಿ ಬಿಚ್ಚಿದ ರೋಡ್‌ಸ್ಟರ್‌ನಲ್ಲಿ ಗಾಳಿಗೆ ಅದು ಮುಚ್ಚಿಹೋಗುತ್ತದೆ. ಮುಚ್ಚಿದ ಜಿಟಿಯಲ್ಲಿ ತಗಡಿನ ಡಬ್ಬದೊಳಗೆ ಕೂತಂತೆ. ಜಿಟಿ ಇರುವವರು ಎರಡೂ ಸೈಲೆನ್ಸರ್ ಇಟ್ಟುಕೊಳ್ಳಿ.

ಪೈಪಿನ ಜೊತೆಗೇ ಇವನ್ನೂ ತನ್ನಿ: ಡೌನ್ ಪೈಪಿನ ಎರಡು ಗ್ಯಾಸ್ಕೆಟ್, ಆರು ಹೊಸ ಹಿತ್ತಾಳೆ ನಟ್ಟು, ರಬ್ಬರ್ ಹ್ಯಾಂಗರ್‌ಗಳು, ಅಗಲ ಪಟ್ಟಿಯ ಕ್ಲ್ಯಾಂಪ್‌ಗಳು, ಜಾಯಿಂಟಿಗೆ ಹಚ್ಚುವ ಎಕ್ಸಾಸ್ಟ್ ಪೇಸ್ಟ್, ತ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಆ್ಯಂಟಿ-ಸೀಜ್ ಪೇಸ್ಟ್. ಕಿಟ್‌ನಲ್ಲಿ ಬರುವ ಯು-ಬೋಲ್ಟ್ ಕ್ಲ್ಯಾಂಪ್ ಪೈಪನ್ನೇ ಅಮುಕಿ ಹಳ್ಳ ಮಾಡುತ್ತದೆ. ಆಮೇಲೆ ಬಿಡಿಸಬೇಕಾದರೆ ಪೈಪು ಕತ್ತರಿಸುವುದೇ ಗತಿ.

ಕಾನೂನು, ಚುಟುಕಾಗಿ

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರಿಗೆ ವರ್ಷದ ಎಂಒಟಿ ತಪಾಸಣೆ ಕಡ್ಡಾಯ ಅಲ್ಲ. ಆದರೆ ಸದ್ದು ಹೆಚ್ಚಾಗುವಂತೆ ಎಕ್ಸಾಸ್ಟ್ ಮಾರ್ಪಡಿಸುವುದು ಅಲ್ಲಿ ತಪ್ಪೇ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೇ ಪೆಟ್ರೋಲ್ ಕಾರಿಗೆ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಇಲ್ಲ. 1976 ಮತ್ತು ಆಮೇಲಿನದಕ್ಕೆ ಇದೆ, ಹಾಗಾಗಿ ಕ್ಯಾಟಲಿಟಿಕ್ ಕನ್ವರ್ಟರ್ ಬಿಚ್ಚಿ ಎಸೆಯುವ ಹಾಗಿಲ್ಲ. ಆ ಕೊನೆಯ ವರ್ಷಗಳ ಅಮೆರಿಕನ್ ಕಾರುಗಳಲ್ಲಿ ಒಂದೇ ಜೆನಿತ್-ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್, ಮ್ಯಾನಿಫೋಲ್ಡೂ ಬೇರೆ. ಮುಂದಿನ ಹಂತಗಳನ್ನು ಅವುಗಳಿಗೆ ಹಾಗೇ ಅನ್ವಯಿಸಬೇಡಿ. ಭಾರತದಲ್ಲಿ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ವಿಎ ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಅಲ್ಲೂ ಗದ್ದಲದ ಸೈಲೆನ್ಸರ್‌ಗೆ ವಿನಾಯಿತಿ ಇಲ್ಲ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸಿದ್ದನ್ನು ನೋಡಿದ್ದೀರಲ್ವಾ?

ಹಳೇದನ್ನು ಬಿಚ್ಚುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದದ್ದು ಇಲ್ಲೇ. ಹಿಂದಿನ ರಾತ್ರಿಯೇ ಎಲ್ಲ ನಟ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಗ್ಗೆ ಮತ್ತೊಮ್ಮೆ ಬಿಡಿ.

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎತ್ತಿ, ನಾಲ್ಕು ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಹಿಂದಿನ ಎರಡು ಸ್ಟ್ಯಾಂಡನ್ನು ಕಾರಿನ ಬಾಡಿಯ ಕೆಳಗೆ ಕೊಡದೆ ಆಕ್ಸಲ್ ಕೆಳಗೇ ಕೊಡಿ. ಆಗ ಲೀಫ್ ಸ್ಪ್ರಿಂಗ್ ಮೇಲೆ ಕಾರಿನ ಭಾರ ಬಿದ್ದು, ರಸ್ತೆಯಲ್ಲಿರುವ ಹಾಗೇ ಆಕ್ಸಲ್ ಕೂರುತ್ತದೆ. ಬಾಡಿಯ ಕೆಳಗೆ ಕೊಟ್ಟರೆ ಆಕ್ಸಲ್ ಜೋತು ಬೀಳುತ್ತದೆ. ಆ ಸ್ಥಿತಿಯಲ್ಲಿ ಹೊಂದಿಸಿದ ಪೈಪು ಕಾರು ಇಳಿಸಿದ ಮೇಲೆ ಎಲ್ಲೋ ಬಡಿಯುತ್ತದೆ.

ಬ್ಯಾಟರಿ ಕನೆಕ್ಷನ್ ತೆಗೆಯಿರಿ. 1974ರವರೆಗಿನ ಕಾರಿನಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ, ಒಂದನ್ನೇ ನೋಡಿ ಸುಮ್ಮನಾಗಬೇಡಿ.

ಇನ್ನು ಸ್ಪಾನರ್. ಈ ಕಾರಿನ ನಟ್ಟುಗಳು ಇಂಚಿನ ಲೆಕ್ಕದವು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪಾನರ್ ಸುಮಾರಾಗಿ ಕೂತಂತೆ ಕಾಣುತ್ತದೆ, ಆದರೆ 0.3 ಮಿಲಿಮೀಟರ್ ಆಟ ಇರುತ್ತದೆ. ಡೌನ್ ಪೈಪಿನ ನಟ್ಟುಗಳು ಹಿತ್ತಾಳೆಯವು, ತುಕ್ಕಿಗೆ ಕಚ್ಚಿಕೊಳ್ಳಬಾರದು ಅಂತ. ಹಿತ್ತಾಳೆ ಮೆತ್ತಗೆ. ಸಡಿಲ ಸ್ಪಾನರ್‌ನಲ್ಲಿ ಒಂದು ಸಲ ಜೋರಾಗಿ ಎಳೆದರೆ ಆರು ಮೂಲೆಯೂ ಸವೆದು ನಟ್ಟು ಗುಂಡಗಾಗುತ್ತದೆ. ಆಮೇಲೆ ಅದಕ್ಕೆ ಉಳಿಯೇ ಗತಿ. ಇಂಚಿನ ಅಳತೆಯ ಸ್ಪಾನರ್ ಸೆಟ್ (ಎಎಫ್ ಸೆಟ್ ಅನ್ನುತ್ತಾರೆ) ಒಂದು ತಂದುಬಿಡಿ. ಆರು ಮೂಲೆಯ ಸಾಕೆಟ್, ಉದ್ದದ ಎಕ್ಸ್‌ಟೆನ್ಷನ್, ಒಂದು ಯೂನಿವರ್ಸಲ್ ಜಾಯಿಂಟ್ ಇದ್ದರೆ ಕೆಳಗಿನಿಂದ ಆರು ನಟ್ಟಿಗೂ ಕೈ ಎಟುಕುತ್ತದೆ.

ನಟ್ಟು ಅಲ್ಲಾಡದಿದ್ದರೆ ಮೊದಲು ಸ್ವಲ್ಪ ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಕಾಲು ಸುತ್ತು ಮುಂದೆ, ಅಷ್ಟೇ ಹಿಂದೆ, ಮತ್ತೆ ಎಣ್ಣೆ. ನಟ್ಟು ಕೂರುವ ಸ್ಟಡ್ಡೇ (ತಲೆಯಿಲ್ಲದ ಬೋಲ್ಟು) ನಟ್ಟಿನ ಜೊತೆ ಹೊರಬಂದರೆ ಬೇಜಾರಿಲ್ಲ, ಹೊಸದು ಹಾಕಿ. ಮುರಿದರೆ ಮಾತ್ರ ಮ್ಯಾನಿಫೋಲ್ಡ್ ಬಿಚ್ಚಿ ಬೆಂಚಿನ ಮೇಲಿಟ್ಟು ಡ್ರಿಲ್ ಮಾಡಬೇಕು. ಕಾರಿನ ಕೆಳಗೆ ಮಲಗಿಕೊಂಡು ಕೈ ಡ್ರಿಲ್‌ನಲ್ಲಿ ಅದನ್ನು ನೇರವಾಗಿ ಕೊರೆಯುವುದು ಆಗದ ಮಾತು.

ಹಿಂದಿನ ಪೈಪನ್ನು ಇಡಿಯಾಗಿ ಉಳಿಸುವ ಆಸೆ ಬೇಡ. ಹ್ಯಾಕ್ಸಾ ಹಿಡಿದು ಎರಡು ಮೂರು ತುಂಡು ಮಾಡಿ ಇಳಿಸಿ. ಗ್ರೈಂಡರ್ ಬೇಗ ಆಗುತ್ತದೆ ನಿಜ. ಆದರೆ ಕಿಡಿ ಹಾರುವುದು ಪೆಟ್ರೋಲ್ ಇರುವ ಕಾರಿನ ಕೆಳಗೆ.

ಹಳೇ ಗ್ಯಾಸ್ಕೆಟ್ ಮತ್ತು ಕಾರ್ಬ್ಯುರೇಟರ್ ಹಿಂದಿನ ಹೀಟ್ ಶೀಲ್ಡ್‌ನ ಪ್ಯಾಡಿನಲ್ಲಿ ಆ್ಯಸ್‌ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಕೆರೆಯಬೇಡಿ, ವೈರ್ ಬ್ರಷ್ ಹಾಕಬೇಡಿ. ಮಾಸ್ಕ್ ಹಾಕಿ, ನೀರು ಚಿಮುಕಿಸಿ, ನೆನೆದ ಮೇಲೆ ತೆಗೆದು ಕವರಿನಲ್ಲಿ ಕಟ್ಟಿಡಿ.

ಹೊಸದನ್ನು ಕೂರಿಸುವುದು

ಒಂದೇ ನಿಯಮ: ಎಲ್ಲವನ್ನೂ ಸಡಿಲವಾಗಿ ನೇತುಹಾಕಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. ಒಂದು ಜಾಯಿಂಟ್ ಬಿಗಿದು ಮುಂದಿನದಕ್ಕೆ ಹೋದರೆ ಕೊನೆಯ ಸೈಲೆನ್ಸರ್ ಬರುವ ಹೊತ್ತಿಗೆ ಪೈಪು ಎರಡು ಬೆರಳು ಆಚೆ ಇರುತ್ತದೆ. ಅದನ್ನು ಎಳೆದು ಹ್ಯಾಂಗರ್‌ಗೆ ಸಿಕ್ಕಿಸಿದರೆ ಆ ಎಳೆತವೆಲ್ಲ ಡೌನ್ ಪೈಪಿನ ಗ್ಯಾಸ್ಕೆಟ್ ಮೇಲೆ ಬೀಳುತ್ತದೆ.

ಮ್ಯಾನಿಫೋಲ್ಡ್‌ನ ಎರಡು ಬಾಯಿಯನ್ನೂ ಲೋಹ ಕಾಣುವಷ್ಟು ಸ್ವಚ್ಛ ಮಾಡಿ. ಸ್ಟಡ್‌ಗೆ ಆ್ಯಂಟಿ-ಸೀಜ್ ಹಚ್ಚಿ. ಹೊಸ ಗ್ಯಾಸ್ಕೆಟ್ ಇಟ್ಟು, ಡೌನ್ ಪೈಪು ಏರಿಸಿ, ಆರು ನಟ್ಟನ್ನೂ ಬೆರಳಿನಲ್ಲಿ ಹತ್ತಿಸಿ ಬಿಡಿ. ಪೈಪಿನ ಕೆಳಗೆ ಒಂದು ಮರದ ತುಂಡು ಕೊಟ್ಟರೆ ಕೈ ಖಾಲಿಯಾಗುತ್ತದೆ.

ಈಗ ನಡುವಿನ ಪೈಪು, ಆಮೇಲೆ ಹಿಂದಿನದು. ಕೊನೆಯ ಸಲ ಜೋಡಿಸುವವರೆಗೂ ಪೇಸ್ಟ್ ಹಚ್ಚಬೇಡಿ, ಮೊದಲು ಪೇಸ್ಟ್ ಇಲ್ಲದೆ ತೂರಿಸಿ ನೋಡಿ. ತೂರುವ ಭಾಗ ಎಲ್ಲ ಕಡೆಯೂ ಒಂದೂವರೆ ಇಂಚಾದರೂ ಒಳಗಿರಲಿ. ರಬ್ಬರ್ ಹ್ಯಾಂಗರ್‌ಗಳನ್ನು ಸಿಕ್ಕಿಸಿ. ಪೈಪು ತಿರುಗಿಸುತ್ತಾ, ಹಿಂದೆ ಮುಂದೆ ತಳ್ಳುತ್ತಾ, ಹಿಂದಿನ ತುದಿ ಬಂಪರ್ ಕೆಳಗೆ ನೆಟ್ಟಗೆ ಬರುವಂತೆ ಮಾಡಿ. ಈ ಭಾಗಕ್ಕೆ ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ.

ಜಾಗ ಎಷ್ಟು ಬಿಡಬೇಕು? ಬಾಡಿಗೂ ಪೈಪಿಗೂ ನಡುವೆ ಒಂದು ಬೆರಳಿನಷ್ಟಾದರೂ. ಆಕ್ಸಲ್ ಹತ್ತಿರ ಇನ್ನೂ ಜಾಸ್ತಿ, ಅದು ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಉದ್ದಕ್ಕೂ ಸ್ವಲ್ಪ ಬಿಡಬೇಕು. ಸುಮಾರು 3 ಮೀಟರ್ ಉದ್ದದ 304 ಸ್ಟೇನ್‌ಲೆಸ್ ಪೈಪು ಸರಾಸರಿ 200 ಡಿಗ್ರಿ ಬಿಸಿಯೇರಿದರೆ 10 ಮಿಲಿಮೀಟರ್‌ನಷ್ಟು ಉದ್ದವಾಗುತ್ತದೆ. ಮಾಮೂಲಿ ಉಕ್ಕಾದರೆ 7. ಅದಕ್ಕೇ ಹ್ಯಾಂಗರ್ ರಬ್ಬರ್ ತಣ್ಣಗಿದ್ದಾಗ ಸೊಂಪಾಗಿ ನೇತಾಡುತ್ತಿರಬೇಕು, ಹಿಂದಕ್ಕೆ ಎಳೆದುಕೊಂಡಿರಬಾರದು.

ಎಲ್ಲ ಸರಿ ಕಂಡರೆ ಮಾರ್ಕರ್‌ನಲ್ಲಿ ಪ್ರತಿ ಜಾಯಿಂಟಿನ ಮೇಲೆ ಗೆರೆ ಎಳೆಯಿರಿ. ಬಿಚ್ಚಿ, ಪೇಸ್ಟ್ ತೆಳ್ಳಗೆ ಹಚ್ಚಿ, ಗೆರೆಗೆ ಗೆರೆ ಕೂಡಿಸಿ ಮತ್ತೆ ತೂರಿಸಿ. ಸ್ಟೇನ್‌ಲೆಸ್ ಕ್ಲ್ಯಾಂಪಿನ ಬೋಲ್ಟಿಗೂ ಆ್ಯಂಟಿ-ಸೀಜ್ ಬೇಕು, ಇಲ್ಲದಿದ್ದರೆ ಬಿಗಿಯುವಾಗಲೇ ತ್ರೆಡ್ ಕಚ್ಚಿಕೊಳ್ಳುತ್ತದೆ. ಈಗ ಡೌನ್ ಪೈಪಿನ ಆರು ನಟ್ಟು, ಒಂದು ಬಾಯಿಗೆ ಮೂರರಂತೆ, ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ನಂತರ ನಡುವಿನ ಕ್ಲ್ಯಾಂಪ್, ಕೊನೆಗೆ ಹಿಂದಿನದು.

ಹೆಡರ್ ಹಾಕುವವರಿಗೆ

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಬೇಕಾದರೆ ಮೊದಲು ಕಾರ್ಬ್ಯುರೇಟರ್ ಇಳಿಯಬೇಕು. ಏರ್ ಕ್ಲೀನರ್ ಡಬ್ಬಿಗಳು, ಪೆಟ್ರೋಲ್ ಪೈಪು, ಚೋಕ್ ಮತ್ತು ಆಕ್ಸಿಲರೇಟರ್ ಕೇಬಲ್, ಬ್ರೇಕ್ ಸರ್ವೋ ಇದ್ದರೆ ಅದರ ವ್ಯಾಕ್ಯೂಮ್ ಪೈಪು. ಎಲ್ಲದರ ಫೋಟೋ ತೆಗೆದುಕೊಳ್ಳಿ. ಆಮೇಲೆ ಹೀಟ್ ಶೀಲ್ಡ್, ಇನ್‌ಲೆಟ್ ಮ್ಯಾನಿಫೋಲ್ಡ್, ಕೊನೆಗೆ ಬೀಡಿನದು.

ಹೆಚ್ಚಿನವರು ಎಡವುವ ಜಾಗ ಒಂದಿದೆ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡಕ್ಕೂ ಒಂದೇ ಗ್ಯಾಸ್ಕೆಟ್. ನಡುವಿನ ಸ್ಟಡ್‌ಗಳ ದಪ್ಪ ವಾಷರ್ ಒಂದು ಅಂಚಿನಿಂದ ಇನ್‌ಲೆಟ್ ಫ್ಲ್ಯಾಂಜನ್ನೂ (ಎಂಜಿನ್ನಿಗೆ ಒತ್ತಿ ಕೂರುವ ಚಪ್ಪಟೆ ಭಾಗ) ಇನ್ನೊಂದು ಅಂಚಿನಿಂದ ಎಕ್ಸಾಸ್ಟ್ ಫ್ಲ್ಯಾಂಜನ್ನೂ ಒಟ್ಟಿಗೆ ಅದುಮುತ್ತದೆ. ಹೊಸ ಹೆಡರಿನ ಫ್ಲ್ಯಾಂಜ್ ತೆಳುವಾಗಿದ್ದರೆ ವಾಷರ್ ಓರೆಯಾಗಿ ಇನ್‌ಲೆಟ್ ಮೇಲೆ ಮಾತ್ರ ಕೂರುತ್ತದೆ. ಎಷ್ಟು ಬಿಗಿದರೂ ಎಕ್ಸಾಸ್ಟ್ ಕಡೆ ಚುಸ್ ಚುಸ್ ಅನ್ನುವುದು ನಿಲ್ಲುವುದಿಲ್ಲ. ಕಾರಿಗೆ ಹಾಕುವ ಮೊದಲೇ ಎರಡೂ ಫ್ಲ್ಯಾಂಜಿನ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ವ್ಯತ್ಯಾಸ ಇದ್ದರೆ ಲೇತ್ ಅಂಗಡಿಯಲ್ಲಿ ಮೆಟ್ಟಿಲು ಇರುವ ವಾಷರ್ ಮಾಡಿಸಿ: ತೆಳು ಫ್ಲ್ಯಾಂಜಿನ ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹೆಡರಿನ ಮೂರು ಫ್ಲ್ಯಾಂಜಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ. ವೆಲ್ಡಿಂಗ್ ಬಿಸಿಗೆ ಬಾಗಿದ್ದರೆ ಬೆಳಕು ನುಸುಳುತ್ತದೆ, ಅಂಥದ್ದನ್ನು ಹಿಂತಿರುಗಿಸಿ.

ಈ ನಟ್ಟುಗಳಿಗೆ 15 ಪೌಂಡ್-ಅಡಿ, ಅಂದರೆ 20 ನ್ಯೂಟನ್-ಮೀಟರ್ ಟಾರ್ಕ್ ಸಾಕು. ನಡುವಿನಿಂದ ಶುರು ಮಾಡಿ ಆಚೀಚೆ ಹೋಗಿ. ಅಮೆರಿಕದ ಕಾರಿನಲ್ಲಿ ಸ್ಟಿಯರಿಂಗ್ ರಾಡ್ ಎಡಗಡೆಗೇ, ಹೆಡರ್ ಮಗ್ಗುಲಲ್ಲೇ ಹಾದುಹೋಗುತ್ತದೆ. ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎಲ್ಲೂ ತಾಗದಿರುವುದನ್ನು ಕಣ್ಣಾರೆ ನೋಡಿ. ಹೀಟ್ ಶೀಲ್ಡ್ ವಾಪಸ್ ಹಾಕದೆ ಬಿಡಬೇಡಿ. ಇಲ್ಲದಿದ್ದರೆ ಹೆಡರಿನ ಬಿಸಿಗೆ ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಕುದಿದು, ಟ್ರಾಫಿಕ್‌ನಲ್ಲಿ ಕಾರು ನಿಂತುಹೋಗುತ್ತದೆ. ಹೆಡರಿಗೆ ಬಟ್ಟೆಯಂಥ ಪಟ್ಟಿ ಸುತ್ತುವ ಚಾಳಿ ಇದೆ. ಮಾಮೂಲಿ ಉಕ್ಕಿನ ಹೆಡರಿಗೆ ಅದು ಬೇಡ, ಒಳಗೆ ತೇವ ಹಿಡಿದು ಕೊಳೆಸುತ್ತದೆ. ಸೆರಾಮಿಕ್ ಕೋಟಿಂಗ್ ದುಬಾರಿ, ಆದರೆ ಕೆಲಸ ಮಾಡುತ್ತದೆ.

ಸ್ಟಾರ್ಟ್ ಮಾಡಿದ ಮೇಲೆ

ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ, ಗ್ಯಾರೇಜ್ ಬಾಗಿಲು ತೆರೆದಿರಲಿ. ಜಾಯಿಂಟುಗಳಿಗೆ ಸೋಪಿನ ನೀರು ಚಿಮುಕಿಸಿ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ. ಇನ್ನೊಬ್ಬರು ದಪ್ಪ ಬಟ್ಟೆಯಿಂದ ಹಿಂದಿನ ತುದಿಯನ್ನು ಒಂದು ಕ್ಷಣ ಅರೆಬರೆ ಮುಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಮೊದಲ ದಿನ ಪೇಸ್ಟ್ ಮತ್ತು ಎಣ್ಣೆ ಸುಟ್ಟು ಹೊಗೆ ಬರುತ್ತದೆ, ಗಾಬರಿ ಬೇಡ. ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಅಂತ ಸಿಡಿದರೆ ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ ಅಂತ. ಹೆಚ್ಚಾಗಿ ಡೌನ್ ಪೈಪಿನ ಬಾಯಲ್ಲೇ. ಕೆಲವರು ಆ ಸದ್ದನ್ನೇ ಸ್ಪೋರ್ಟಿ ಅಂತ ಮೆಚ್ಚುತ್ತಾರೆ! ಸೋರಿಕೆಯನ್ನು ಹಾಗೇ ಬಿಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಡಿಕ್ಕಿ ಬಾಗಿಲಿನ ರಬ್ಬರ್ ಹಳತಾಗಿದ್ದರೆ ಅದು ನೇರ ಒಳಗೇ ಬರುತ್ತದೆ.

ಹೊಗೆಯ ದಾರಿ ಸಲೀಸಾದರೆ ಮಿಶ್ರಣದಲ್ಲಿ ಪೆಟ್ರೋಲ್ ಸ್ವಲ್ಪ ಕಡಿಮೆ ಬಿದ್ದಂತಾಗಬಹುದು. ಎಸ್‌ಯು ಕಾರ್ಬ್ಯುರೇಟರ್‌ನಲ್ಲಿ ಇದನ್ನು ನೋಡುವುದು ಸುಲಭ. ಎಂಜಿನ್ ಬಿಸಿಯಾದ ಮೇಲೆ, ಕಾರ್ಬ್ಯುರೇಟರಿನ ಪಕ್ಕದ ಪುಟ್ಟ ಪಿನ್ನನ್ನು ಒತ್ತಿ ಅದರೊಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ಎಂಜಿನ್ ಕ್ಷಣಕಾಲ ಚುರುಕಾಗಿ ಮತ್ತೆ ಮಾಮೂಲಿಗೆ ಬಂದರೆ ಸರಿ ಇದೆ. ಏರಿದ್ದು ಏರಿದಂತೇ ಉಳಿದರೆ ಪೆಟ್ರೋಲ್ ಜಾಸ್ತಿ. ತೊದಲಿ ನಿಲ್ಲಲು ಬಂದರೆ ಕಡಿಮೆ. ಹಳೇ ಎಚ್‌ಎಸ್4 ಮಾದರಿಯ ಎಸ್‌ಯು ಆದರೆ ಕೆಳಗಿನ ಜೆಟ್ ನಟ್ಟು ಇಳಿಸಿದಾಗ ಪೆಟ್ರೋಲ್ ಹೆಚ್ಚುತ್ತದೆ, ಏರಿಸಿದಾಗ ತಗ್ಗುತ್ತದೆ. ಒಂದು ಸಲಕ್ಕೆ ನಟ್ಟಿನ ಒಂದೇ ಮುಖದಷ್ಟು ತಿರುಗಿಸಿ, ಎರಡೂ ಕಾರ್ಬ್ಯುರೇಟರಿಗೆ ಸಮನಾಗಿ. ಎಪ್ಪತ್ತರ ದಶಕದ ಎಚ್‌ಐಎಫ್4ನಲ್ಲಿ ಇದೇ ಕೆಲಸಕ್ಕೆ ಪಕ್ಕದಲ್ಲಿ ಸ್ಕ್ರೂ ಇರುತ್ತದೆ. ಹೆಡರ್ ಹಾಕಿದ ಮೇಲೆ ಐಡಲ್ ತಾನಾಗಿ ಏರಿದ್ದರೆ ಕಾರ್ಬ್ಯುರೇಟರ್ ಮುಟ್ಟಬೇಡಿ, ಇನ್‌ಲೆಟ್ ಗ್ಯಾಸ್ಕೆಟ್ ಸರಿ ಕೂತಿಲ್ಲ ಅಂತ ಅರ್ಥ.

ಅರ್ಧ ಗಂಟೆ ಓಡಿಸಿ ಬನ್ನಿ. ಪೂರ್ತಿ ತಣ್ಣಗಾಗಲು ಬಿಟ್ಟು ಎಲ್ಲ ನಟ್ಟು, ಕ್ಲ್ಯಾಂಪ್ ಮತ್ತೊಮ್ಮೆ ಬಿಗಿಯಿರಿ. ಗ್ಯಾಸ್ಕೆಟ್ ಮೊದಲ ಬಿಸಿಗೆ ಕುಗ್ಗುವುದರಿಂದ ನಟ್ಟುಗಳು ಖಂಡಿತ ಸ್ವಲ್ಪ ತಿರುಗುತ್ತವೆ. ಕೆಲವು ನೂರು ಮೈಲಿ ಆದಮೇಲೆ ಇನ್ನೊಂದು ಸಲ. ಪೈಪಿನ ಮೇಲೆ ಎಲ್ಲಾದರೂ ಉಜ್ಜಿ ಹೊಳೆಯುವ ಕಲೆ ಇದೆಯಾ, ಜಾಯಿಂಟಿನ ಸುತ್ತ ಕಪ್ಪು ಮಸಿ ಇದೆಯಾ, ಆಗ ನೋಡಿ. ಹೆಡರ್ ಹಾಕಿದವರು ಬಿಚ್ಚಿಟ್ಟ ಬೀಡಿನ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಒರೆಸಿ, ಪೇಪರ್ ಸುತ್ತಿ, ಅಟ್ಟದ ಮೇಲೆ ಇಡಿ. ಕಾರು ಮಾರುವಾಗ ಕೊಳ್ಳಲು ಬಂದವರು ಮೂಲದ್ದು ಇದೆಯಾ ಅಂತ ಕೇಳುವುದುಂಟು.